ಜೀಪಿನ ಮೇಲಿನ ಎಲೆ

"ಕೈ ತೆಗೆ! ನನ್ನ ಅಪ್ಪನ ಗಾಡಿಯಿಂದ ಕೈ ತೆಗೆ ನೀನು!"

ಕುಶಲಮ್ಮನ ಕೂಗಿಗೆ ಪ್ರಣೀತಾಳ ಕೈಯಲ್ಲಿದ್ದ ಒರೆಸುವ ಬಟ್ಟೆ ಕೆಳಗೆ ಬಿತ್ತು. ಕಾಪುವಿನ ಆ ಮನೆಗೆ ಸೊಸೆಯಾಗಿ ಬಂದ ಲಾಗಾಯ್ತು ಅವಳು ಕೇಳುತ್ತ ಬಂದ ಮಾತು ಇದೇ. ಅತ್ತೆ ಅಡುಗೆಮನೆ ಬಿಟ್ಟುಕೊಟ್ಟಿದ್ದರು, ಕಪಾಟಿನ ಬೀಗದ ಕೈ ಕೊಟ್ಟಿದ್ದರು, ಶೆಡ್ಡಿನ ಜೀಪನ್ನು ಮಾತ್ರ ಮುಟ್ಟಗೊಡುತ್ತಿರಲಿಲ್ಲ. ಮುಟ್ಟಗೊಡುವುದಾದರೂ ಹೇಗೆ? ಅವರು ತಂದೆಯ ಮುಖ ನೋಡಿದವರಲ್ಲ. ಮಿಲಿಟರಿ ಡ್ರೈವರ್ ಬೂಬಣ್ಣ ಬರ್ಮಾದ ಯುದ್ಧದಲ್ಲಿ ಸತ್ತಾಗ ಅವರಿನ್ನೂ ತೊಟ್ಟಿಲ ಕೂಸು. ಯುದ್ಧ ಮುಗಿದ ಮೇಲೆ ಅಜ್ಜ ಹರಾಜಿನಲ್ಲಿ ಈ ಜೀಪನ್ನು ಹಿಡಿದು ತಂದು, "ನಿನ್ನ ಅಪ್ಪ ಓಡಿಸಿದ್ದು ಇದನ್ನೇ ಮಗಾ" ಎಂದಿದ್ದರಂತೆ. ಹೆಣ ಊರಿಗೆ ಬಾರದವನಿಗೆ ಮನೆಯೊಳಗೆ ಎಲೆ ಹಾಕಬಾರದೆಂದು ಆಗಿನ ಹಿರಿಯರ ಕಟ್ಟಪ್ಪಣೆ. ಹಾಗಾಗಿ ಪ್ರತಿ ವರ್ಷ ಮಳೆಗಾಲದ ಆಟಿ ತಿಂಗಳಲ್ಲಿ ಸತ್ತವರಿಗೆ ಅಗೆಲು, ಅಂದರೆ ಎಡೆ, ಬಡಿಸುವ ದಿನ ಉಳಿದವರ ಎಲೆ ಒಳಗೆ, ಬೂಬಣ್ಣನ ಎಲೆ ಜೀಪಿನ ಬಾನೆಟ್ಟಿನ ಮೇಲೆ. ಅದಕ್ಕೆ ಮೊದಲು ಜೀಪಿಗೆ ಹೊಸ ಬಣ್ಣ. ಕಡಲ ಗಾಳಿಗೆ ತುಕ್ಕು ಹಿಡಿಯದಿರಲೆಂದು ವರ್ಷ ವರ್ಷ ಬಳಿದ ಬಣ್ಣ ದೋಸೆಯ ಹಾಗೆ ಒಂದರ ಮೇಲೊಂದು ಕೂತಿತ್ತು.

ಈ ವರ್ಷ ಮಗ ಪ್ರಖ್ಯಾತ್ ಹಠ ಹಿಡಿದ. ಮಣಿಪಾಲದ ಹಳೆಯ ವಾಹನಗಳ ಪ್ರದರ್ಶನದಲ್ಲಿ 'ಬರ್ಮಾದಲ್ಲಿ ಮಡಿದ ಯೋಧನ ಜೀಪು' ಎಂದು ಬೋರ್ಡು ಹಾಕಬೇಕು, ಅದಕ್ಕೆ ಜೀಪಿನ ಯುದ್ಧಕಾಲದ ಚರಿತ್ರೆ ಬೇಕು. ನಿಟ್ಟೆಯಲ್ಲಿ ಇಂಜಿನಿಯರಿಂಗ್ ಪಾಠ ಹೇಳುವ ಹೆಂಡತಿಗೇ ಆ ಕೆಲಸ ಒಪ್ಪಿಸಿದ. ಅಮ್ಮನನ್ನು ಒಪ್ಪಿಸಿ ಜೀಪನ್ನು ಕಾರ್ಕಳದ ಗ್ಯಾರೇಜಿಗೆ ಸಾಗಿಸಿದ್ದೂ ಅವನೇ. ಅಲ್ಲಿ ಬಣ್ಣ ಕೆರೆದಾಗ ಬಾನೆಟ್ಟಿನ ಮೇಲೆ ರೆಡ್‌ಕ್ರಾಸಿನ ಗುರುತು ಕಂಡಿತು. ಡ್ಯಾಶ್‌ಬೋರ್ಡಿನ ತಗಡಿನಲ್ಲಿ ಜೀಪು ತಯಾರಾದ ತಾರೀಕು... ಜನವರಿ 1945! ದೇವರ ಕೋಣೆಯ ಫೋಟೊದ ಕೆಳಗೆ ಬೂಬಣ್ಣ ತೀರಿಕೊಂಡ ವರ್ಷ 1944. ಹಳೆಯ ಮಿಲಿಟರಿ ಗಾಡಿಗಳನ್ನು ಬಲ್ಲ ಮಂಗಳೂರಿನ ಹೆರಾಲ್ಡ್ ಜೀಪಿನ ನಂಬರುಗಳನ್ನೆಲ್ಲ ಕೇಳಿಕೊಂಡು, ಕೆಲವು ದಿನ ಬಿಟ್ಟು ಫೋನು ಮಾಡಿದರು. "ಬರ್ಮಾಕ್ಕೆ ಹೋದದ್ದು ಹೌದು ಮೇಡಂ. ಗಾಯಾಳುಗಳನ್ನು ಸಾಗಿಸಿದ ಗಾಡಿ."

"ಅಮ್ಮನಿಗೆ ಹೇಳ್ಬೇಡ ಮಾರಾಯ್ತಿ, ಬಣ್ಣ ಹೊಡೆದು ಮುಚ್ಚಿಬಿಡುವ" ಎಂದಿದ್ದ ಪ್ರಖ್ಯಾತ್. ಗಂಡಸರಿಗೆ ಮುಚ್ಚಿಹಾಕುವುದು ಎಷ್ಟು ಸುಲಭ! "ಅವರು ಅಪ್ಪನಿಗೆ ಅನ್ನ ಬಡಿಸುವುದು ಇದರ ಮೇಲೆ. ಗೊತ್ತಿದ್ದೂ ಹೇಗೆ ಮುಚ್ಚುವುದು?" ಎಂದು ಪ್ರಣೀತಾ ಬಣ್ಣದ ಡಬ್ಬಿ ತೆರೆಯಲೇ ಇಲ್ಲ. ಜೀಪು ಹಿಂದಿನ ರಾತ್ರಿ ಹಾಗೆಯೇ ಶೆಡ್ಡಿಗೆ ವಾಪಸು ಬಂದಿತ್ತು. ಈಗ, ಅಗೆಲಿನ ದಿನವೇ, ಬಾಳೆಲೆ ಹಿಡಿದು ಬಂದ ಕುಶಲಮ್ಮನ ಕಣ್ಣು ಆ ಕೆಂಪು ಗುರುತಿನ ಮೇಲೆ ಬಿತ್ತು.

"ಇದೆಂತ? ಯಾರು ಬಳಿದದ್ದು?"

"ಅಡಿಯಲ್ಲಿ ಇದ್ದದ್ದು ಮಾಮಿ. ಇದು ಗಾಯಾಳುಗಳ ಗಾಡಿ."

ಮುದುಕಿಯ ಮುಖ ಅರಳಿತು. "ಹೌದಾ? ಹಾಗಾದ್ರೆ ಅಪ್ಪ ಗಾಯ ಆದವರ ಜೀವ ಉಳಿಸ್ತಿದ್ದದ್ದಾ?"

"ಅದೇ ಅಮ್ಮಾ, ಅದೇ!" ಪ್ರಖ್ಯಾತ್ ಅವಸರದಲ್ಲಿ ಹೇಳಿದ.

ಕುಶಲಮ್ಮ ಮಗನತ್ತ ನೋಡಲಿಲ್ಲ. "ನೀನು ಹೇಳು ಪ್ರಣೀತಾ. ಇವನು ನನ್ನನ್ನು ಖುಷಿ ಮಾಡ್ಲಿಕ್ಕೆ ಎಂತ ಬೇಕಾದ್ರೂ ಹೇಳ್ತಾನೆ. ನಿನಗೆ ಅದು ಬರುವುದಿಲ್ಲ."

ಬರೀ ತಲೆಯಾಡಿಸಿದರೆ ಸಾಕಿತ್ತು! ಅತ್ತೆಯ ಪ್ರೀತಿ ಅಂಗೈಗೆ ಬಂದು ನಿಂತಿತ್ತು.

"ಮಾಮಿ... ಈ ಗಾಡಿ ತಯಾರಾಗುವ ಮೊದಲೇ ನಿಮ್ಮ ಅಪ್ಪ ತೀರಿಹೋಗಿದ್ದರು."

ಎಲೆ ಕೈಜಾರಿತು. ಕುಶಲಮ್ಮ ಶೆಡ್ಡಿನ ಕಂಬ ಹಿಡಿದು ಅಲ್ಲೇ ಕುಸಿದರು. "ಹಾಗಾದ್ರೆ ಇಷ್ಟು ವರ್ಷ... ಅಪ್ಪನಿಗೆ ಒಂದು ತುತ್ತೂ ಮುಟ್ಟಲಿಲ್ವಾ? ಒಳಗಿನವರಿಗೆಲ್ಲ ಬಡಿಸಿ ಬಾಗಿಲು ಹಾಕಿದೆ... ಹೆತ್ತ ಅಪ್ಪನನ್ನು ಹಸಿವಲ್ಲಿ ಹೊರಗೆ ನಿಲ್ಲಿಸಿದೆನಾ! ಅಯ್ಯೋ..."

"ಹೇಳ್ಬೇಡ ಅಂದಿದ್ದೆ ಅಲ್ವಾ!" ಪ್ರಖ್ಯಾತ್ ಗದರಿದ. ಪ್ರಣೀತಾ ನೆಲದ ಮೇಲೆ ಕೂತು ಅತ್ತೆಯ ಎರಡೂ ಕೈ ಹಿಡಿದುಕೊಂಡಳು. ಆ ಕೈಗಳನ್ನು ಹಾಗೆ ಹಿಡಿದದ್ದು ಅದೇ ಮೊದಲು.

"ಒಳಗೆ ಕರೆಯಿರಿ ಮಾಮಿ. ಹೆಣ ಬಾರದಿದ್ದರೆ ಎಂತ? ಅವರ ಮಗಳು ಇಲ್ಲಿಯೇ ಇದ್ದಾರಲ್ಲ. ಬೇಡ ಎನ್ನಲಿಕ್ಕೆ ಈ ಮನೆಯಲ್ಲಿ ನಿಮಗಿಂತ ಹಿರಿಯರು ಈಗ ಯಾರಿದ್ದಾರೆ?"

ಕುಶಲಮ್ಮ ಸೊಸೆಯ ಭುಜ ಹಿಡಿದು ಎದ್ದು ಒಳಗೆ ನಡೆದರು. ತಮ್ಮ ಅಮ್ಮನ ಎಲೆಯ ಪಕ್ಕದಲ್ಲಿ ಹೊಸ ಎಲೆ ಹಾಸಿ, ಅನ್ನ, ಕೋಳಿ ಸಾರು ಬಡಿಸಿ, ದೀಪ ಹಚ್ಚಿದರು. ಹೊಸ್ತಿಲಲ್ಲಿ ನಿಂತು, ಮಳೆ ಸುರಿಯುವ ಅಂಗಳದತ್ತ ಮುಖ ಮಾಡಿ, ಎಂದೂ ನೋಡದ ತಂದೆಯನ್ನು ತುಳುವಿನಲ್ಲಿ ಒಳಗೆ ಕರೆದರು.

ಸತ್ತವರು ಉಣ್ಣುವಾಗ ಬದುಕಿದವರು ಹೊರಗಿರಬೇಕು. ಪ್ರಖ್ಯಾತ್ ಬಾಗಿಲು ಎಳೆಯಹೋದ.

"ನಿಲ್ಲು!" ಎಂದು ಕುಶಲಮ್ಮ ಇನ್ನೊಂದು ಎಲೆಗೆ ಬಡಿಸಿ ಸೊಸೆಯ ಕೈಗಿತ್ತರು. "ಇದು ಜೀಪಿಗೆ. ಅದರಲ್ಲಿ ಮಲಗಿ ಹೋದವರಲ್ಲಿ ಎಷ್ಟು ಜನ ಮನೆಗೆ ಮುಟ್ಟಿದ್ದಾರೋ... ಇಷ್ಟು ವರ್ಷ ಉಂಡದ್ದು ಅವರೇ ಇರ್ಬೇಕು. ಈಗ ನಿಲ್ಲಿಸಿದ್ರೆ ಕಾಯ್ತಾರೆ."

"ನಾನು... ಮುಟ್ಟಬಹುದಾ ಮಾಮಿ?"

"ನೀನಲ್ಲದೆ ಮತ್ತೆ ಯಾರು?"

ಪ್ರಣೀತಾ ಕಣ್ಣೀರು ಒರೆಸಿಕೊಳ್ಳದೆ, ಆ ಕೆಂಪು ಗುರುತಿನ ಪಕ್ಕ ಎಲೆ ಇಟ್ಟಳು. ಅತ್ತೆ ಬಂದು ಅವಳಿಗೆ ಒರಗಿ ನಿಂತರು. ಬಾಗಿಲು ಮುಚ್ಚಿತು. ಈ ಸಲ ಅಪ್ಪ ಒಳಗಿದ್ದರು.