ಸೌದೆಬುಟ್ಟಿಗೆ ಬಿದ್ದ ಬಾಣದ ಕಡ್ಡಿಗಳು

ಬಾಣಕ್ಕೆ ಗಟ್ಟಿಮರದ ಕಡ್ಡಿ ಆರಿಸುವಾಗ ಅಪ್ಪ ಒಂದೊಂದನ್ನೂ ಮೇಜಿನ ಮೇಲೆ ಉರುಳಿಸಿ, ಸದ್ದಿನಲ್ಲೇ ಸೊಟ್ಟ ಕಂಡುಹಿಡಿಯುತ್ತಿದ್ದರು. ನಾನು ಆರಿಸಿದ್ದನ್ನು ಮಾತ್ರ ಉರುಳಿಸದೆಯೇ ಸೌದೆಬುಟ್ಟಿಗೆ ಎಸೆಯುತ್ತಿದ್ದರು.

ಅವರು ತೀರಿಕೊಂಡ ಮೇಲೆ ಕೆಲಸ ನನ್ನ ಪಾಲಿಗೆ ಬಂತು. ಆದರೆ ಸಂಜೆ ಆರಿಸಿಟ್ಟ ಕಡ್ಡಿಗಳು, ಬೆಳಿಗ್ಗೆ ನಾನೇ ಅಂಗಡಿಯ ಬೀಗ ತೆಗೆದರೆ, ಬುಟ್ಟಿಯಲ್ಲಿರುತ್ತಿದ್ದವು.

“ಬದುಕಿದ್ದಾಗಲೇ ಮೆಚ್ಚದವರು ಈಗ ಮೆಚ್ತಾರೇನೇ? ಅಂಗಡಿ ಮಾರಿಬಿಡೋಣ ಬಿಡು,” ಅಂದಳು ಅಮ್ಮ.

ಬಿಡಲು ನನಗೆ ಮನಸ್ಸಾಗಲಿಲ್ಲ. ನಿನ್ನೆ, ಅಪ್ಪನೇ ಕೊನೆಯದಾಗಿ ಆರಿಸಿ ತಮ್ಮ ಗುರುತು ಹಾಕಿದ್ದ ಕಡ್ಡಿಗಳನ್ನು ನನ್ನವೆಂಬಂತೆ ಮೇಜಿನ ಮೇಲೆ ಜೋಡಿಸಿ ಬೀಗ ಹಾಕಿದೆ.

ಇಂದು ಬೆಳಿಗ್ಗೆ ಅವೂ ಬುಟ್ಟಿಯಲ್ಲಿದ್ದವು. ಕೋಣೆಯೆಲ್ಲ ತಣ್ಣಗಿದ್ದರೂ ಕಡ್ಡಿಗಳು ಬೆರಳು ಹಿಡಿಯುವ ಜಾಗದಲ್ಲಿ ಬೆಚ್ಚಗಿದ್ದವು. ರಾತ್ರಿಯಿಡೀ ಅಂಗಡಿಗೆ ಅಂಟಿದ ನನ್ನ ಕೋಣೆಯಲ್ಲಿ ಗೋಡೆಗೆ ಕಿವಿಗೊಟ್ಟು ಮಲಗಿದ್ದೆ. ಒಂದೇ ಒಂದು ಕಡ್ಡಿಯೂ ಮೇಜಿನ ಮೇಲೆ ಉರುಳಿದ ಸದ್ದಾಗಲಿಲ್ಲ.