ಬೊಂಬೆಯ ಕೊರಳಿನ ಅರಿಶಿನ ಕೊಂಬು

ಆಗಸ್ಟ್ ತಿಂಗಳ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಬ್ರಿಸ್ಬೇನ್‌ನ ದಕ್ಷಿಣ ಹೊರವಲಯದ ಠಾಣೆಗೆ ದೂರು ಬಂತು. ದೂರುದಾರ ಕಾಲಿನ್ ಹಾರ್ಪರ್, ಆರ್ಡೆನ್ ಹಿಲ್ ಎಂಬ ಹಳೆಯ ಕಬ್ಬಿನ ಎಸ್ಟೇಟಿನ ಮ್ಯಾನೇಜರ್. ಅಲ್ಲಿ ಕಬ್ಬು ಬೆಳೆಯುವುದು ನಿಂತು ಯಾವುದೋ ಕಾಲವಾಯಿತು. ಈಗ ಬಂಗಲೆ, ಆಳುಗಳ ಗುಡಿಸಲು ತೋರಿಸಿ, ಚಹಾ ಕುಡಿಸಿ ಕಳಿಸುವ ಒಂದು ದಿನದ ಟೂರ್ ನಡೆಯುತ್ತದೆ. ಶನಿವಾರದ ಟೂರ್ ಆದ ಮೇಲೆ, ಮನೆಯೊಡತಿಯ ಗೌನು ತೊಡಿಸಿದ್ದ ಬೊಂಬೆಯ ಕೊರಳಿನ ಹಾರ ಕಾಣೆಯಾಗಿತ್ತು.

ಡಿಟೆಕ್ಟಿವ್ ಸಾರ್ಜೆಂಟ್ ನಾಗೇಂದ್ರ, ಕಾನ್‌ಸ್ಟೇಬಲ್ ಮೇಗನ್ ಸ್ಥಳಕ್ಕೆ ಹೋದರು. ಪಂಚನಾಮೆಗೆ ಪಂಚರನ್ನು ಹುಡುಕಿ ತರುವ ಪಾಡು ಈ ದೇಶದಲ್ಲಿಲ್ಲ. ಮೇಗನ್ ಫೋಟೋ ತೆಗೆದಳು, ಅಷ್ಟೆ. ಕೋಣೆಯಲ್ಲಿ ಕ್ಯಾಮೆರಾ ಇರಲಿಲ್ಲ.

ಹಾರದ ಹಳೆಯ ಚಿತ್ರವನ್ನು ಕಾಲಿನ್ ತೋರಿಸಿದ. ಕರಿಮಣಿ ಸರ, ನಡುವೆ ಎರಡು ಚಿನ್ನದ ಬಟ್ಟಲು. ಬೋರ್ಡಿನಲ್ಲಿ 'ಮನೆಯೊಡತಿ ಶಾರ್ಲಟ್ ಅವರ ಪೌರ್ವಾತ್ಯ ಹಾರ' ಎಂದು ಬರೆದಿತ್ತು. ಮೈಸೂರಿನಲ್ಲಿ ಹುಟ್ಟಿದ ನಾಗೇಂದ್ರನಿಗೆ ಅದು ತಾಳಿ ಎಂದು ಯಾರೂ ಹೇಳಬೇಕಾಗಿರಲಿಲ್ಲ.

"ನಿಜವಾಗಿ ಯಾರದು ಇದು?"

"ಶಾರ್ಲಟ್ ಅವರ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಆಯಾಳದು. ಮೈಸೂರು ಕಡೆಯ ಕಾಫಿ ತೋಟದಿಂದ ಇಲ್ಲಿಗೆ ಬರುವಾಗ ಆ ಮನೆಯವರು ಕರೆತಂದಿದ್ದರು. ಅವಳು ಸತ್ತ ಮೇಲೆ ಶಾರ್ಲಟ್ ಇಟ್ಟುಕೊಂಡರು. ಟೂರಿನಲ್ಲಿ ನಮ್ಮ ಗೈಡ್ ಅದನ್ನೂ ಹೇಳುತ್ತಾರೆ."

"ಅವಳ ಹೆಸರು?"

"ಗೊತ್ತಿಲ್ಲ."

ಬೊಂಬೆಯ ಕೊರಳಲ್ಲಿ ಈಗ ಹಳದಿ ದಾರ, ಅದಕ್ಕೊಂದು ಒಣ ಬೇರು. ಶುಂಠಿ ಇರಬೇಕು ಎಂದ ಕಾಲಿನ್. ಅದು ಅರಿಶಿನ ಕೊಂಬು. ತಾಳಿ ಪೋಣಿಸಲು ಬಿಚ್ಚಿದಾಗ ಕೊರಳು ಬರಿದಾಗಬಾರದೆಂದು ಹೆಂಗಸರು ಇದನ್ನು ಕಟ್ಟಿಕೊಳ್ಳುತ್ತಾರೆ ಎಂದು ನಾಗೇಂದ್ರ ಮೇಗನ್‌ಗೆ ವಿವರಿಸಿದ. ಕದ್ದವರು ಹೊರಗಿನವರಲ್ಲ, ತನ್ನ ಕಡೆಯವರೇ ಎಂದು ಅವನಿಗೆ ನಾಚಿಕೆಯೂ ಆಯಿತು.

ಶನಿವಾರ ಬಂದಿದ್ದದ್ದು ಸನ್ನಿಬ್ಯಾಂಕ್ ಬಡಾವಣೆಯ ಸುತ್ತಮುತ್ತಲಿನ ಕನ್ನಡದ ಹೆಂಗಸರ ಗುಂಪು. ಬಸ್ ಮಾಡಿ ಕರೆದುಕೊಂಡು ಹೋದವರು ರಂಜನಿ.

"ಬಸ್‌ನಲ್ಲಿ ಅರಿಶಿನ ಕೊಂಬು ಯಾರ ಹತ್ರ ಇತ್ತು, ರಂಜನಿಯವ್ರೇ?"

"ಎಲ್ಲರ ಹತ್ರಾನೂ. ಶುಕ್ರವಾರ ವರಮಹಾಲಕ್ಷ್ಮಿ ಆಯ್ತಲ್ಲ, ತಾಂಬೂಲದ ಬ್ಯಾಗ್ ಬಸ್ಸಲ್ಲೇ ಕೊಟ್ಬಿಟ್ಟೆ. ಡಾಕ್ಟರ್ ಉಷಾಗೆ ಮಾತ್ರ ಕೊಡ್ಲಿಲ್ಲ. ಅವರ ಯಜಮಾನ್ರು ಹೋಗ್ಬಿಟ್ಟಿದಾರೆ, ಪಾಪ."

ನಾಗೇಂದ್ರ ಉಷಾ ಹೆಸರಿಗೆ ಅಲ್ಲೇ ಕಾಟು ಹೊಡೆದ. ಎರಡು ದಿನ ಮನೆಮನೆ ಅಲೆದದ್ದಾಯಿತು. ಎಲ್ಲರ ಬ್ಯಾಗಿನಲ್ಲೂ ಕೊಂಬು ಭದ್ರವಾಗಿತ್ತು. ಕಾಫಿ ಮಾತ್ರ ಹೊಟ್ಟೆ ತುಂಬ ಸಿಕ್ಕಿತು.

"ಆ ಡಾಕ್ಟರನ್ನು ಯಾಕೆ ಕೇಳಲಿಲ್ಲ?" ಎಂದಳು ಮೇಗನ್.

"ಗಂಡ ಸತ್ತವರಿಗೆ ಅರಿಶಿನ ಕೊಡೋದಿಲ್ಲ."

"ಕೊಡದಿದ್ದರೆ ಅವರ ಹತ್ತಿರ ಇರುವುದೇ ಇಲ್ಲ ಅಂತಲೇ?"

ನಾಗೇಂದ್ರನಿಗೆ ಮುಖಕ್ಕೆ ಹೊಡೆದಂತಾಯಿತು. ಇಷ್ಟು ವರ್ಷ ಪೊಲೀಸ್ ಕೆಲಸ ಮಾಡಿದವನು ಪುರೋಹಿತನ ಹಾಗೆ ಲೆಕ್ಕ ಹಾಕಿದ್ದ. ತಕ್ಷಣ ರಂಜನಿಗೆ ಫೋನ್ ಮಾಡಿದ.

"ತಾಂಬೂಲದ ಸಾಮಾನು ತಂದವರು ಯಾರು?"

"ಉಷಾನೇ. ಸನ್ನಿಬ್ಯಾಂಕ್ ಅಂಗಡೀಲಿ ತಗೊಂಡು, ಬ್ಯಾಗ್ ಎಲ್ಲಾ ಅವರೇ ತುಂಬಿಸಿ ಕೊಟ್ರು."

ಬುಧವಾರ ಮಧ್ಯಾಹ್ನ ಇಬ್ಬರೂ ಎಯ್ಟ್ ಮೈಲ್ ಪ್ಲೇನ್ಸ್ ಬಡಾವಣೆಯಲ್ಲಿ ಉಷಾ ಮನೆಯ ಬಾಗಿಲು ತಟ್ಟಿದರು. ಆಕೆ ಅರಿವಳಿಕೆ ತಜ್ಞೆ, ಆಗಷ್ಟೇ ಡ್ಯೂಟಿಯಿಂದ ಬಂದಿದ್ದರು.

"ತಾಳಿ ಎಲ್ಲಿದೆ, ಡಾಕ್ಟ್ರೇ?"

ಉಷಾ ಫ್ರಿಜ್ ತೆರೆದು ಸ್ಟೀಲ್ ಬಟ್ಟಲೊಂದನ್ನು ಮೇಜಿನ ಮೇಲಿಟ್ಟರು. ಅದರ ತುಂಬ ಹಾಲು, ಹಾಲಿನೊಳಗೆ ತಾಳಿ. ತಾಳಿ ಬಿಚ್ಚಿ ಹಾಲಿಗೆ ಹಾಕುವುದು ಗಂಡ ಸತ್ತಾಗ ಎಂದು ನಾಗೇಂದ್ರನಿಗೆ ಗೊತ್ತಿತ್ತು.

"ಕೊಂಬು ಯಾಕೆ ಕಟ್ಟಿದ್ರಿ? ಅದಿಲ್ದಿದ್ರೆ ನಾವು ನಿಮ್ಮತನಕ ಬರ್ತಿರ್ಲಿಲ್ಲ."

"ಬ್ಯಾಗ್ ತುಂಬಿಸಿ ಉಳಿದಿದ್ದೊಂದು ಕೊಂಬು, ದಾರ ಪರ್ಸಲ್ಲಿತ್ತು. ಬಿಚ್ಚಿದ ಕೂಡ್ಲೇ ಕೈ ತಾನಾಗೇ ಕಟ್ಬಿಡ್ತು. ಬೊಂಬೆ ಅಂತ ಆಮೇಲೆ ನೆನಪಾಯ್ತು."

"ಕೇಸ್ ಆದ್ರೆ ಮೆಡಿಕಲ್ ಬೋರ್ಡಿಗೆ ಹೋಗುತ್ತೆ. ನಿಮ್ಮ ಲೈಸೆನ್ಸಿಗೇ ಕುತ್ತು."

"ಗೊತ್ತು. ನಾಳೆ ಆಪರೇಷನ್ ಇದೆ. ಬೇರೆಯವರನ್ನ ಹಾಕಿ ಅಂತ ಫೋನ್ ಮಾಡ್ತೀನಿ, ಐದು ನಿಮಿಷ ಕೊಡಿ."

ನಾಗೇಂದ್ರ ತಲೆಯಾಡಿಸಿದ. ಫೋನ್ ಮುಗಿದ ಮೇಲೆ ಮೇಗನ್ ಬಂಧಿಸುವಾಗ ಹೇಳಬೇಕಾದ ಮಾತುಗಳನ್ನು ಹೇಳಿದಳು. ತಾಳಿಯನ್ನು ಒರೆಸಿ ಕವರಿಗೆ ಹಾಕಿದ್ದಾಯಿತು. ಕಾನೂನಿನ ಪ್ರಕಾರ ಅದು ಎಸ್ಟೇಟಿನ ಸ್ವತ್ತು.

ಕಾರಿನಲ್ಲಿ ಕೂತ ಮೇಲೆ ಉಷಾ ತಾವಾಗಿಯೇ ಮಾತಾಡಿದರು.

"ಕೋವಿಡ್‌ನಲ್ಲಿ ನಮ್ಮ ಯಜಮಾನ್ರು ಬೆಂಗಳೂರಲ್ಲಿ ಹೋದ್ರು. ಬಾರ್ಡರ್ ಮುಚ್ಚಿತ್ತು. ವಿಡಿಯೋ ಕಾಲ್‌ನಲ್ಲಿ ಅತ್ತೆ ಹೇಳ್ತಾ ಹೋದ್ರು, ನನ್ನ ತಾಳೀನ ನಾನೇ ಬಿಚ್ಚಿ ಹಾಲಿಗೆ ಹಾಕ್ದೆ. ನನ್ನನ್ನ ಹಿಡ್ಕೊಳ್ಳೋಕೆ ಒಬ್ರೂ ಇರ್ಲಿಲ್ಲ. ಶಾರ್ಲಟ್ ಬಿಚ್ಚಿಕೊಂಡಾಗ ಆ ಆಯಾಳ ಕಡೆಯೋರೂ ಯಾರೂ ಇರ್ಲಿಲ್ಲ ಅಲ್ವಾ. ಈ ಸಲ ಬಿಚ್ಚಿ ಹಾಲಿಗೆ ಹಾಕೋವಾಗ ಅವಳ ಕಡೆಯೋಳು ಅಂತ ಒಬ್ಬಳಾದ್ರೂ ಇರ್ಲಿ ಅನ್ನಿಸ್ತು."