ಮುಚ್ಚಿದ ತೂಬು

ಬೆಳಿಗ್ಗೆ ಏಳೂಕಾಲಕ್ಕೆ ಠಾಣೆಗೆ ಬಂದ ದೂರು ಇಷ್ಟು: ಬರ್ಮಿಂಗ್‌ಹ್ಯಾಮ್‌ನಿಂದ ವೇಲ್ಸ್‌ಗೆ ರಜೆಗೆ ಬಂದಿದ್ದ ಪಿಕರಿಂಗ್ ದಂಪತಿಯ ಬಾಡಿಗೆ ದೋಣಿ ಕೆಸರಿನ ಮೇಲೆ ಒಂದು ಮಗ್ಗುಲಿಗೆ ವಾಲಿದೆ. ದೋಣಿಗಳನ್ನು ಏರಿಸಿ ಇಳಿಸುವ ಬಾಗಿಲುಕಟ್ಟೆಗಳಾದ ಎರಡು ಲಾಕ್‌ಗಳ ನಡುವಿನ ಕಾಲುವೆ ರಾತ್ರಿ ಬರಿದಾಗಿದೆ. ಮಲಗಿದ್ದ ಯಜಮಾನರು ಉರುಳಿಬಿದ್ದು ಸೊಂಟದ ಮೂಳೆ ಮುರಿದಿದೆ.

ಇನ್‌ಸ್ಪೆಕ್ಟರ್ ಹೈಲ್ವೆನ್ ಪ್ರೋಬರ್ಟ್ ಕಾನ್‌ಸ್ಟೇಬಲ್ ಇಡ್ವಲ್‌ನೊಡನೆ ಸ್ಥಳಕ್ಕೆ ಹೋದರು. ದಾರಿಯುದ್ದಕ್ಕೂ ಇಡ್ವಲ್ ದೂರು ಕೊಟ್ಟ ಪಿಕರಿಂಗಮ್ಮನ ದನಿಯನ್ನು ಅಣಕಿಸಿದ.

“‘ಆಫೀಸರ್, ನಾವಿನ್ನೂ ಎದ್ದಿಲ್ಲ, ನಮ್ಮ ದೋಣಿ ಮಲಗಿಬಿಟ್ಟಿದೆ!’”

“ಸಾಕು. ಆಸ್ಪತ್ರೇಲಿ ಒಬ್ಬರು ನರಳ್ತಿದಾರೆ.”

“ರಜಾದವರದ್ದೇ ಕೆಲಸ ಮೇಡಂ. ತೂಬು ತೆಗೀತಾರೆ, ಫೋಟೋ ತೆಗೀತಾರೆ, ಮುಚ್ಚೋದು ಮರೀತಾರೆ.”

ಕೆಳಗಿನ ಲಾಕ್‌ನ ಎರಡೂ ತೂಬುಗಳು ಮುಚ್ಚಿದ್ದವು.

“ಮರೆತವನು ಮುಚ್ತಾನಾ?” ಎಂದರು ಪ್ರೋಬರ್ಟ್. “ನೀರೆಲ್ಲ ಬಿಟ್ಟು, ಆಮೇಲೆ ಮುಚ್ಚಿ ಹೋಗಿದಾನೆ. ಕಾಲುವೇಲೇ ಬೆಳೆದ ಕೈ ಇದು.”

ಮೇಲಿನ ಲಾಕ್‌ನ ಬಾಗಿಲ ಬುಡದಲ್ಲಿ ಬೂಟಿನ ಗುರುತು. ಅಷ್ಟು ಜಾಗದ ಕೆಸರನ್ನು ಮಾತ್ರ ಯಾರೋ ಬಗೆದಿದ್ದರು. ಇಡ್ವಲ್‌ನ ತಮಾಷೆ ಅಲ್ಲಿಗೆ ನಿಂತಿತು.

“ಫೆಬ್ರವರೀಲಿ ಗೆಥಿನ್ ಹೆಣ ಸಿಕ್ಕಿದ್ದು ಇಲ್ಲೇ, ಮೇಡಂ.”

ಗೆಥಿನ್‌ನದು ಆತ್ಮಹತ್ಯೆ ಎಂದು ಸಾವಿನ ವಿಚಾರಣೆಯಲ್ಲಿ ದಾಖಲಾಗಿತ್ತು. ಅವನ ತಂದೆ ಎಮ್ಲಿನ್‌ನ ವಾಸ ಲಾಕ್‌ಗಳ ಮೇಲ್ಭಾಗದಲ್ಲಿ ದಡಕ್ಕೆ ಕಟ್ಟಿದ ದೋಣಿಯಲ್ಲೇ. ಮಹಜರು ಮುಗಿಸಿ ಇಬ್ಬರೂ ಅಲ್ಲಿಗೆ ನಡೆದರು.

“ರಾತ್ರಿ ಎಲ್ಲಿದ್ರಿ, ಎಮ್ಲಿನ್?”

“ಕೆಸರಲ್ಲಿ.”

“ತೂಬು ತೆಗೆದದ್ದು?”

“ತೆಗೆದದ್ದೂ ನಾನೇ, ಮುಚ್ಚಿದ್ದೂ ನಾನೇ. ಮುಚ್ಚದೆ ಹೋಗೋಕೆ ಕೈ ಬರಲ್ಲ ಕಣಮ್ಮ. ಬಾಡಿಗೆಯೋರು ಪಬ್ ಹತ್ರಾನೇ ದೋಣಿ ಕಟ್ತಾರೆ ಅಂದ್ಕೊಂಡೆ. ತಿರುವಿನಾಚೆ ಒಂದಿತ್ತು ಅಂತ ಗೊತ್ತಾಗ್ಲಿಲ್ಲ. ಅವರು ಬದುಕ್ತಾರಾ?”

“ಬದುಕ್ತಾರೆ. ನಡೆಯೋಕೆ ತಿಂಗಳುಗಳೇ ಬೇಕು.”

ಎಮ್ಲಿನ್ ಕಣ್ಣು ಮುಚ್ಚಿದ. ಮೇಜಿನ ಮೇಲೆ, ಟವೆಲ್ಲಿನಲ್ಲಿ, ತೂಬು ತಿರುಗಿಸುವ ಕಬ್ಬಿಣದ ಹಿಡಿಕೆಯಿತ್ತು. ತುಕ್ಕಿನ ನಡುವೆ ಗೆಥಿನ್‌ನ ಹೆಸರು ಕೊರೆದಿತ್ತು.

“ಸಾಯೋಕೇ ಹೋದ ಅಂತ ಬರೆದ್ರಿ. ಹಿಡಿಕೆ ಕಳೆದಿದೆ ಅಂದೆ. ಎಲ್ಲೋ ಬಿಟ್ಟಿರಬೇಕು ಅಂದ್ರಿ. ಕೆಸರು ನೋಡಿ ಅಂತ ಕಾಲು ಹಿಡಿಯೋದೊಂದು ಬಾಕಿ ಇತ್ತು. ನೀವು ನೋಡ್ಲಿಲ್ಲ, ನಾನೇ ನೀರು ಬಿಟ್ಟು ಹುಡುಕ್ದೆ. ಸಾಯೋಕೆ ಹೋಗೋನು ಹಿಡಿಕೆ ಹೊತ್ಕೊಂಡು ಹೋಗ್ತಾನೇನಮ್ಮಾ? ನನ್ನ ಮಗ ತೂಬು ತಿರುಗಿಸ್ತಿದ್ದ. ಮಂಜು ಬಿದ್ದಿತ್ತು. ಜಾರಿದ.”

ಪ್ರೋಬರ್ಟ್ ಗಡಿಯಾರ ನೋಡಿದರು. ಹತ್ತು ನಲವತ್ತಕ್ಕೆ ಬಂಧನದ ಮಾತುಗಳನ್ನು ಓದಿ ಹೇಳಿದರು. ಎಮ್ಲಿನ್ ಎದ್ದುನಿಂತ. ಇಡ್ವಲ್ ಹಿಡಿಕೆಯತ್ತ ಕೈಚಾಚಿದಾಗ ಮಾತ್ರ ಅದರ ಮೇಲೆ ಅಂಗೈ ಊರಿದ.

“ಇದೊಂದು ಬಿಡಿ.”

“ವಶಕ್ಕೆ ತಗೊಳ್ಳಲೇಬೇಕು, ಎಮ್ಲಿನ್. ಎಲ್ಲಿ ಸಿಕ್ತು ಅಂತಾನೂ ಬರೀಬೇಕು.”

“ಎಲ್ಲಿ ಅಂತ ಬರೀತೀರಿ?”

“ಮೇಲಿನ ಲಾಕ್‌ನ ಬಾಗಿಲ ಬುಡದಲ್ಲಿ, ಕೆಸರಿನೊಳಗೆ.”

“ವಿಚಾರಣೆ ಮಾಡಿದೋರಿಗೂ ಹೋಗತ್ತಾ ಅದು?”

“ನಾನೇ ತಗೊಂಡು ಹೋಗ್ತೀನಿ.”

ಅವನು ಟವೆಲ್ಲನ್ನು ಮತ್ತೆ ಸುತ್ತಿ, ಹಿಡಿಕೆಯನ್ನು ಎರಡೂ ಕೈಯಿಂದ ಅವರ ಕಡೆಗೆ ಚಾಚಿದ.